ಮೈಕು ಗೊಣಗುವುದೇಕೆ?

ನಮ್ಮ ಸಂಘಗಳ ಸಭೆಗಳಲ್ಲೆಲ್ಲ ಪ್ರಾರ್ಥನೆಗೆ ಮುಂಚೆಯೇ ಶ್ರುತಿ ಹಿಡಿಯುವ ಒಬ್ಬ ಕಲಾವಿದ ಇದ್ದೇ ಇರುತ್ತಾನೆ. ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರಿರುವುದಿಲ್ಲ. ಹಾರ ತುರಾಯಿಗಳನ್ನು ಅವನು ಬಯಸುವುದೂ ಇಲ್ಲ. ಆಂಪ್ಲಿಫೈಯರಿನ ಗುಂಡಿ ಒತ್ತಿದ ಕೂಡಲೆ ಧ್ವನಿವರ್ಧಕದೊಳಗಿಂದ ‘ಗುಂಯ್’ ಎಂದು ಆರಂಭಿಸಿ, ವಂದನಾರ್ಪಣೆ ಮುಗಿಯುವವರೆಗೂ ಉಸಿರು ಬಿಡದೆ ಹಾಡುತ್ತಾನೆ. ನಡುನಡುವೆ ‘ಚಟಪಟ’, ‘ಸುಯ್’, ‘ಟರ್‌ರ್‌’ ಎಂಬ ತಾನಗಳನ್ನೂ ಸೇರಿಸುವುದುಂಟು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ದೊಡ್ಡ ನಾಟ್ಯಗೃಹಗಳಲ್ಲಾದರೆ ಇವನನ್ನು ಸುಮ್ಮನಾಗಿಸಬಲ್ಲ ತಿಳಿದ ಸಿಬ್ಬಂದಿ ಇರುತ್ತಾರೆ. ಆದರೆ ನಮ್ಮ ಹೆಚ್ಚಿನ ಕಾರ್ಯಕ್ರಮಗಳು ನಡೆಯುವುದು ಶಾಲೆಯ ಸಭಾಂಗಣದಲ್ಲಿ, ಸೊಸೈಟಿಯ ಅಂಗಳದಲ್ಲಿ, ದೇವಸ್ಥಾನದ ಪಕ್ಕದ ಮಂಟಪದಲ್ಲಿ. ಅಲ್ಲಿ ಆಂಪ್ಲಿಫೈಯರು ಬಾಡಿಗೆಯದು, ಇಲ್ಲವೆ ನಮ್ಮವರ ಪೈಕಿಯೇ ಯಾರೋ ಉತ್ಸಾಹಿ ವಿದ್ಯಾರ್ಥಿ ಜೋಡಿಸಿದ್ದು.

ಇದು ನಕ್ಕು ಬಿಡತಕ್ಕ ವಿಷಯವೆಂದು ನಮಗೆ ತೋರುವುದಿಲ್ಲ. ಶಾಲೆಯಲ್ಲಿ ಮರಾಠಿ ಇಂಗ್ಲಿಷುಗಳನ್ನು ಓದಿ, ಕನ್ನಡವನ್ನು ಅಜ್ಜಿಯ ಬಾಯಿಂದಷ್ಟೇ ಕಲಿತ ಮಗುವೊಂದು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ವೇದಿಕೆ ಹತ್ತಿ ನಾಲ್ಕು ಸಾಲು ಹೇಳುತ್ತದೆ. ಅದರ ದನಿ ಮೊದಲೇ ಸಣ್ಣದು. ಸಕಾರ ಶಕಾರಗಳನ್ನು ತಿದ್ದಿ ತಿದ್ದಿ ಹೇಳಿಕೊಟ್ಟ ತಾಯಿಯ ಶ್ರಮವೆಲ್ಲ ಯಂತ್ರದ ‘ಸುಯ್’ ಸದ್ದಿನಲ್ಲಿ ಕರಗಿಹೋಗುತ್ತದೆ. ಏಕೆಂದರೆ ಆ ಅಕ್ಷರಗಳೂ ಆ ಸದ್ದೂ ಧ್ವನಿಯ ಒಂದೇ ಬೀದಿಯಲ್ಲಿ ವಾಸಿಸುವಂಥವು. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಅವರು ತಮ್ಮತಮ್ಮಲ್ಲಿ ಮಾತಿಗೆ ತೊಡಗುತ್ತಾರೆ. ಅವರನ್ನು ದೂರುವುದು ಸರಿಯಲ್ಲ. ಇನ್ನೊಂದು ಕಾರಣವೂ ಉಂಟು: ಈ ಗುಂಯ್‌ಕಾರವನ್ನು ನಿಲ್ಲಿಸಲು ಕೆಲವರು ಮಾಡುವ ಒಂದು ಚಿಕಿತ್ಸೆ ಪ್ರಾಣಕ್ಕೇ ಸಂಚಕಾರ ತರುವಂಥದು. ಅದನ್ನು ಮುಂದೆ ಹೇಳುತ್ತೇವೆ. ಸಂಘದ ಕಾರ್ಯಕ್ರಮಗಳಲ್ಲಿ ಮೈಕಿನ ಪೆಟ್ಟಿಗೆಯ ಬಳಿ ಕುಳಿತುಕೊಳ್ಳುವ ನಾವು ಕೆಲವರು ಕಂಡುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಲೆಕ್ಕ. ಮೈಕು ಎಷ್ಟು ವಿದ್ಯುತ್ತನ್ನು ಕೊಡುತ್ತದೆ? 1966ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ವೇದಿಕೆಗಳ ಮೇಲೆ ಕಾಣಸಿಗುವ ಶೂರ್ ಕಂಪನಿಯ ಎಸ್‌ಎಂ 58 ಎಂಬ ಮೈಕನ್ನೇ ತೆಗೆದುಕೊಳ್ಳೋಣ. ಬಾಯಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಮಾತನಾಡಿದಾಗ, ಎಂದರೆ 94 ಡೆಸಿಬೆಲ್ಲಿನ ಸದ್ದಿಗೆ, ಅದು ಕೊಡುವುದು 1.85 ಮಿಲಿವೋಲ್ಟು. ಒಂದು ಮಿಲಿವೋಲ್ಟೆಂದರೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು. ನಮ್ಮ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟು. ಅಷ್ಟು ದೊಡ್ಡ ಗದ್ದಲದ ಪಕ್ಕದಲ್ಲಿ ಇಷ್ಟು ಸಣ್ಣ ಪಿಸುಮಾತನ್ನು ಹತ್ತು ಮೀಟರ್ ಉದ್ದದ ತಂತಿಯ ಮೂಲಕ ಸಾಗಿಸಿ, ಸಾವಿರ ಪಟ್ಟು ಹಿಗ್ಗಿಸಿ, ಧ್ವನಿವರ್ಧಕಕ್ಕೆ ಒಪ್ಪಿಸಬೇಕು. ಆಂಪ್ಲಿಫೈಯರಿಗೆ ಮಗುವಿನ ದನಿ ಯಾವುದು, ಟ್ಯೂಬ್‌ಲೈಟಿನ ಗುನುಗು ಯಾವುದು ಎಂಬ ವಿವೇಕವಿಲ್ಲ; ತನ್ನ ಬಾಗಿಲಿಗೆ ಬಂದದ್ದನ್ನೆಲ್ಲ ಸಾವಿರ ಪಟ್ಟು ಮಾಡುತ್ತದೆ. ಹಾಲಿನ ಪಾತ್ರೆಗೆ ಬಿದ್ದ ಒಂದು ಚಮಚ ಹೆಪ್ಪು ಇಡೀ ಪಾತ್ರೆಯನ್ನು ಮೊಸರು ಮಾಡುವಂತೆ, ಮೊದಲ ಹಂತದಲ್ಲಿ ಸೇರಿದ ಅತ್ಯಲ್ಪ ಸದ್ದು ಕೊನೆಗೆ ಸಭಾಂಗಣವನ್ನೆಲ್ಲ ತುಂಬುತ್ತದೆ. ಆದುದರಿಂದ ಗೊಣಗಾಟದ ಮೂಲವನ್ನು ಹುಡುಕುವವರು ದೊಡ್ಡ ಧ್ವನಿವರ್ಧಕದ ಕಡೆ ನೋಡದೆ, ಮೈಕು, ಅದರ ತಂತಿ ಮತ್ತು ಮೊದಲ ಹಂತ ಇವುಗಳ ಕಡೆಗೇ ನೋಡತಕ್ಕದ್ದು. ಹತ್ತರಲ್ಲಿ ಎಂಟು ಸಲ ಕಳ್ಳ ಸಿಗುವುದು ಅಲ್ಲಿಯೇ.

ಧ್ವನಿವರ್ಧಕದ ಚರಿತ್ರೆಯಲ್ಲಿ ಮುಂಬಯಿಗೆ ಒಂದು ಸ್ಥಾನವಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಸ್ವಾತಂತ್ರ್ಯ ಹೋರಾಟದ ಕಾಲದ ಕಾಂಗ್ರೆಸ್ ಸಭೆಗಳಿಗೆ ನಾನಿಕ್ ಮೋಟ್ವಾನೆಯವರ ‘ಶಿಕಾಗೋ ರೇಡಿಯೋ’ ಧ್ವನಿವರ್ಧಕಗಳನ್ನು ಒದಗಿಸುತ್ತಿತ್ತು. ಗಾಂಧೀಜಿಯವರ ಮುಂದಿರುವ ಮೈಕಿನ ಮೇಲೆ ಆ ಹೆಸರು ಕಾಣುವ ಚಿತ್ರಗಳನ್ನು ನಮ್ಮ ಹಿರಿಯರು ನೋಡಿರಬಹುದು. ಮೆಲುದನಿಯ ಮನುಷ್ಯನೊಬ್ಬನ ಮಾತು ಸಾವಿರಾರು ಜನಕ್ಕೆ ಮುಟ್ಟಿತೆಂದರೆ ಅದರಲ್ಲಿ ತಂತಿ ಎಳೆದವರ ಪಾಲೂ ಇತ್ತು. ಇಂದು ನಮ್ಮ ಹುಡುಗರು ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಚೂರುಪಾರು ಸಾಮಾನು ತಂದು, ರವಿವಾರ ಅಡಿಗೆಮನೆಯ ಮೇಜಿನ ಮೇಲೆಯೇ ಆಂಪ್ಲಿಫೈಯರನ್ನು ಬೆಸೆಯುತ್ತಾರೆ. ಬೆಸುಗೆಯ ಹೊಗೆಗೆ ತಾಯಂದಿರು ಬಯ್ಯುವುದು ನ್ಯಾಯವೇ. ಕಿಟಕಿ ತೆರೆದಿಟ್ಟು ಕೆಲಸ ಮಾಡಲಿ.

ಈಗ ಗೊಣಗಾಟದ ಜಾತಿಗಳನ್ನು ನೋಡೋಣ. ವೈದ್ಯರು ಕೆಮ್ಮನ್ನು ಕೇಳಿಯೇ ರೋಗವನ್ನು ಊಹಿಸುವಂತೆ, ಇಲ್ಲಿಯೂ ಕಿವಿಯೇ ಮೊದಲ ಉಪಕರಣ. ಎಲ್ಲಕ್ಕಿಂತ ಸಾಮಾನ್ಯವಾದದ್ದು ‘ಗುಂಯ್’. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹೋಗಿ ಬರುತ್ತದೆ. ಗೋಡೆಯ ವಯರುಗಳು, ಫ್ಯಾನು, ಟ್ರಾನ್ಸ್‌ಫಾರ್ಮರುಗಳಿಂದ ಮೈಕಿನ ತಂತಿಗೆ ತಾಗುವ ಸೋಂಕು ಇದೇ 50 ಆವರ್ತದ್ದು. ತೀರ ಮಂದ್ರ, ಕಿವಿಗಿಂತ ಎದೆಗೇ ಹೆಚ್ಚು ತಿಳಿಯುವಂಥದು. ಆದರೆ ಆಂಪ್ಲಿಫೈಯರಿನ ಒಳಗಿರುವ ರೆಕ್ಟಿಫೈಯರು ಅಲೆಯ ಎರಡು ಅರ್ಧಗಳನ್ನೂ ಒಂದೇ ಕಡೆಗೆ ಮಡಚುವುದರಿಂದ ಅಲ್ಲಿ ಹುಟ್ಟುವ ಏರಿಳಿತ ಸೆಕೆಂಡಿಗೆ 100. ಸಂಗೀತ ಬಲ್ಲವರಿಗೆ ಹೇಳುವುದಾದರೆ ಎರಡನೆಯದು ಮೊದಲನೆಯದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ಮಂದ್ರದ್ದು ಕೇಳಿದರೆ ಸೋಂಕು ಹೊರಗಿನಿಂದ ಬಂದಿದೆ, ತಂತಿಯ ಹೊದಿಕೆಯನ್ನೂ ಅರ್ಥಿಂಗನ್ನೂ ನೋಡಬೇಕು. ಅದರ ಮೇಲಿನ ಸ್ಥಾಯಿಯದು ಕೇಳಿದರೆ ಹೆಚ್ಚಾಗಿ ಪವರ್ ಸಪ್ಲೈಯ ದೊಡ್ಡ ಕಂಡೆನ್ಸರು ಒಣಗಿದೆಯೆಂದು ಅರ್ಥ. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳಿಗೆ ಆಯುಷ್ಯವಿದೆ. ಬಿಸಿಯಲ್ಲಿ ವರ್ಷಗಟ್ಟಲೆ ದುಡಿದು ಒಳಗಿನ ದ್ರವ ಆರಿಹೋಗುತ್ತದೆ, ಕೆಲವೊಮ್ಮೆ ತಲೆ ಉಬ್ಬುತ್ತದೆ. ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಬೆಳೆದ ನಮ್ಮ ಮನೆಗಳ ಹೆಣ್ಣುಮಕ್ಕಳು ಈ ಎರಡರ ಅಂತರವನ್ನು ಮೆಕ್ಯಾನಿಕರಿಗಿಂತ ಬೇಗ ಹಿಡಿಯುವುದನ್ನು ನಾವು ಕಂಡಿದ್ದೇವೆ.

ಡೊಂಬಿವಲಿ, ಥಾಣೆಗಳಲ್ಲಿ ರೈಲುಹಳಿಗೆ ಅಂಟಿಕೊಂಡಂತಿರುವ ಸಭಾಂಗಣಗಳು ಇವೆಯಷ್ಟೆ. ಅಲ್ಲಿ ಏನೇ ಗುಂಯ್‌ಗುಟ್ಟಲಿ, ‘ರೈಲಿನ ಕರೆಂಟು, ಅದಕ್ಕೆ ಮದ್ದಿಲ್ಲ’ ಎಂದು ಕೈಕೊಡವುವುದು ರೂಢಿ. ರೈಲಿನ ಮೇಲಿನ ಆಪಾದನೆಯನ್ನು ಸ್ವಲ್ಪ ವಿಚಾರಿಸೋಣ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾದವರೆಗೆ ಓಡಿತು. ಅದು 1500 ವೋಲ್ಟಿನ ನೇರ ವಿದ್ಯುತ್ತಿನದು. ಮುಂಬಯಿಯ ಉಪನಗರ ಮಾರ್ಗಗಳು ಹಂತಹಂತವಾಗಿ ಬದಲಾಗಿ 2016ರ ಹೊತ್ತಿಗೆ 25,000 ವೋಲ್ಟಿನ, 50 ಆವರ್ತದ ಪರ್ಯಾಯ ವಿದ್ಯುತ್ತಿಗೆ ಬಂದವು. ಮನೆಯ ಕರೆಂಟಿನದೂ ಅದೇ 50. ಎರಡರ ಶ್ರುತಿಯೂ ಒಂದೇ ಆದ್ದರಿಂದ ಕೇಳಿದೊಡನೆ ಇದು ರೈಲಿನದು, ಇದು ಮನೆಯದು ಎಂದು ಹೇಳುವಂತಿಲ್ಲ. ಆದರೆ ಪರೀಕ್ಷೆ ಸುಲಭ. ಲೋಕಲ್ ಗಾಡಿ ಸ್ಟೇಷನ್ನಿನಿಂದ ಹೊರಟು ವೇಗ ಹಿಡಿಯುವಾಗ ಗುಂಯ್‌ಕಾರ ಏರಿ, ಗಾಡಿ ಹೋದಮೇಲೆ ಇಳಿಯುತ್ತದೆಯೆ? ಹಾಗಾದರೆ ರೈಲಿನ ಪಾಲಿದೆ. ಗಾಡಿ ಬಂದರೂ ಹೋದರೂ ಒಂದೇ ಸಮನೆ ಇದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ನಮ್ಮ ಅನುಭವದಲ್ಲಿ ರೈಲು ಬಹುಪಾಲು ನಿರಪರಾಧಿ.

ಮನೆಯೊಳಗಿನ ಕಳ್ಳನನ್ನು ಹಿಡಿಯಲು ದುಬಾರಿ ಉಪಕರಣಗಳು ಬೇಕಿಲ್ಲ. ಬಾಲದಿಂದ ತಲೆಯ ಕಡೆಗೆ ಹೋಗಬೇಕು. ಮೊದಲು ವಾಲ್ಯೂಮಿನ ತಿರುಗಣಿಯನ್ನು ಸೊನ್ನೆಗೆ ಇಳಿಸಿ. ಆಗಲೂ ಸದ್ದು ಇದ್ದಷ್ಟೇ ಇದ್ದರೆ ಅದು ತಿರುಗಣಿಯ ಮುಂದಿನ ಭಾಗದಲ್ಲಿ, ಎಂದರೆ ಧ್ವನಿವರ್ಧಕವನ್ನು ನಡೆಸುವ ಹಂತದಲ್ಲಿ ಅಥವಾ ಪವರ್ ಸಪ್ಲೈಯಲ್ಲಿ ಹುಟ್ಟುತ್ತಿದೆ. ಸದ್ದು ಮಾಯವಾದರೆ ಹಿಂದಿನ ಭಾಗದ್ದು. ಎರಡನೆಯದಾಗಿ ಒಂದು ‘ಮೂಕ ಪ್ಲಗ್ಗು’ ಮಾಡಿಟ್ಟುಕೊಳ್ಳಿ: ಸಾಮಾನ್ಯ ಮೈಕಿನ ಪ್ಲಗ್ಗಿನ ತುದಿಯನ್ನೂ ಮೈಯನ್ನೂ ಒಳಗಡೆ ಒಂದು ಚೂರು ತಂತಿಯಿಂದ ಸೇರಿಸಿ ಬೆಸೆದರಾಯಿತು. ಮೈಕನ್ನು ಕಿತ್ತು ಅದರ ಜಾಗದಲ್ಲಿ ಇದನ್ನು ಚುಚ್ಚಿರಿ. ಗುಂಯ್‌ಕಾರ ನಿಂತರೆ ತಪ್ಪು ಮೈಕಿನದು ಅಥವಾ ತಂತಿಯದು, ನಿಲ್ಲದಿದ್ದರೆ ಪೆಟ್ಟಿಗೆಯದು. ಸಣ್ಣ ಆಂಪ್ಲಿಫೈಯರಾದರೆ ಮೂರನೆಯ ಪರೀಕ್ಷೆಯೂ ಸಾಧ್ಯ: ಅಡಾಪ್ಟರನ್ನು ತೆಗೆದು ಬ್ಯಾಟರಿಯಿಂದ ನಡೆಸಿ ನೋಡಿ. ಬ್ಯಾಟರಿಯಲ್ಲಿ ಶಾಂತ, ಅಡಾಪ್ಟರಿನಲ್ಲಿ ಗದ್ದಲ ಎಂದಾದರೆ ಇನ್ನು ವಾದವೇ ಉಳಿಯುವುದಿಲ್ಲ. ಐದು ನಿಮಿಷದ ಈ ಕೆಲಸವನ್ನು ಬಿಟ್ಟು, ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹಣ ಕಳೆಯುವವರನ್ನು ನೋಡಿದಾಗ ನಮಗೆ ಕನಿಕರವಾಗುತ್ತದೆ.

ವಿದ್ಯಾರ್ಥಿಗಳು ಜೋಡಿಸುವ ಆಂಪ್ಲಿಫೈಯರುಗಳಲ್ಲಿ ಬಹಳ ಸಲ ಕಾಣುವ ಒಂದು ದೋಷವನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಅವರು ಬಳಸುವುದು ಕಡಲೆಕಾಳಿನಷ್ಟು ಗಾತ್ರದ ಎಲೆಕ್ಟ್ರೆಟ್ ಮೈಕು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಗೆರ್‌ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು 1962ರಲ್ಲಿ ರೂಪಿಸಿದ ಜಾತಿ ಇದು. ಇದೇ ಜಾತಿ ಮುಂದೆ ಟೆಲಿಫೋನು, ಟೇಪ್‌ರೆಕಾರ್ಡರುಗಳಲ್ಲೆಲ್ಲ ಹರಡಿತು. ಇದರೊಳಗೆ ಪುಟ್ಟ ಟ್ರಾನ್ಸಿಸ್ಟರೊಂದಿದೆ. ಅದಕ್ಕೆ ಊಟ ಬೇಕು. ಆ ಊಟವನ್ನು ಸುಮಾರು 2.2 ಕಿಲೋ ಓಮಿನಿಂದ 10 ಕಿಲೋ ಓಮಿನವರೆಗಿನ ಒಂದು ರೆಸಿಸ್ಟರಿನ ಮೂಲಕ ಬಡಿಸುತ್ತಾರೆ. ತೊಡಕೇನೆಂದರೆ, ಊಟ ಬಡಿಸುವ ತಂತಿಯೂ ಮಾತು ಹೊರಡುವ ತಂತಿಯೂ ಒಂದೇ. ಪವರ್ ಸಪ್ಲೈಯಲ್ಲಿ ಒಂದೆರಡು ಮಿಲಿವೋಲ್ಟಿನ ಏರಿಳಿತವಿದ್ದರೂ ಅದು ನೇರವಾಗಿ ಮಾತಿನ ಜೊತೆ ಕೂಡಿಕೊಳ್ಳುತ್ತದೆ. ಮಾತೂ ಮಿಲಿವೋಲ್ಟುಗಳಷ್ಟೇ ಎಂಬುದನ್ನು ಮರೆಯಬಾರದು. ಮೈಕನ್ನು ತೆಗೆದು ಅದರ ಜಾಗದಲ್ಲಿ 2.2 ಕಿಲೋ ಓಮಿನ ರೆಸಿಸ್ಟರನ್ನು ಬೆಸೆದಾಗಲೂ ಗುಂಯ್‌ಕಾರ ಉಳಿದರೆ ಸಂಶಯವನ್ನು ಈ ದಾರಿಯ ಮೇಲೇ ಇಡಬಹುದು.

ಇದರ ಪರಿಹಾರಕ್ಕೆ ತಗಲುವುದು ಎರಡು ಚಿಲ್ಲರೆ ಸಾಮಾನುಗಳ ಬೆಲೆ. ಸಪ್ಲೈಯಿಂದ ಬರುವ ದಾರಿಯಲ್ಲಿ ಮೊದಲು 1 ಕಿಲೋ ಓಮಿನ ಇನ್ನೊಂದು ರೆಸಿಸ್ಟರನ್ನಿಟ್ಟು, ಎರಡು ರೆಸಿಸ್ಟರುಗಳು ಕೂಡುವ ಬಿಂದುವಿನಿಂದ ಅರ್ಥಿಗೆ 100 ಮೈಕ್ರೋಫ್ಯಾರಡಿನ ಕಂಡೆನ್ಸರನ್ನು ಹಾಕಬೇಕು. ಕೆರೆಯ ನೀರನ್ನು ನೇರವಾಗಿ ಕೊಳಾಯಿಗೆ ಬಿಡದೆ, ಸಣ್ಣ ಬಾಯಿಯ ಮೂಲಕ ದೊಡ್ಡ ತೊಟ್ಟಿಗೆ ತುಂಬಿಸಿ ಅಲ್ಲಿಂದ ಬಿಟ್ಟಂತೆ: ಕೆರೆಯಲ್ಲಿ ಅಲೆಯೆದ್ದರೂ ತೊಟ್ಟಿಯ ಮಟ್ಟ ಅಲುಗುವುದಿಲ್ಲ. ಲೆಕ್ಕ ಹಾಕಿದರೆ 100 ಆವರ್ತದ ಏರಿಳಿತವು ಸುಮಾರು 63ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಪ್ ಆಂಪ್ ಎಂಬ ಚಿಪ್ಪನ್ನು ಒಂದೇ ಬ್ಯಾಟರಿಯಿಂದ ನಡೆಸುವವರು ಎರಡು ಸಮ ರೆಸಿಸ್ಟರುಗಳಿಂದ ಅರ್ಧ ವೋಲ್ಟೇಜನ್ನು ತೆಗೆಯುತ್ತಾರಲ್ಲ, ಅಲ್ಲಿಯೂ ಇದೇ ಮಾತು. ನಡುಬಿಂದುವಿಗೆ ಕಂಡೆನ್ಸರಿಲ್ಲದಿದ್ದರೆ ಸಪ್ಲೈಯ ಕೊಳೆಯ ಅರ್ಧ ಪಾಲು ಮಾತಿನೊಳಗೆ ಬಂದಂತೆಯೇ. ನಕ್ಷೆಯಲ್ಲಿ ಈ ಕಂಡೆನ್ಸರುಗಳು ಇರುತ್ತವೆ. ‘ಇದಿಲ್ಲದೆಯೂ ಮಾತು ಬರುತ್ತದೆ’ ಎಂದು ಹುಡುಗರು ಅವನ್ನು ಕೈಬಿಡುತ್ತಾರೆ. ಒಗ್ಗರಣೆಯಿಲ್ಲದೆಯೂ ಸಾರು ಆಗುತ್ತದೆ ಎಂದಂತೆ.

ಅರ್ಥ್ ತಂತಿಯ ಹಾದಿಯೂ ಮುಖ್ಯ. ನಕ್ಷೆಯಲ್ಲಿ ಅರ್ಥಿನ ಗುರುತುಗಳೆಲ್ಲ ಒಂದೇ ಎಂದು ಕಾಣುತ್ತವೆ. ಬೋರ್ಡಿನ ಮೇಲೆ ಹಾಗಲ್ಲ. ಧ್ವನಿವರ್ಧಕದ 1 ಆಂಪಿಯರ್ ಪ್ರವಾಹ 0.01 ಓಮಿನಷ್ಟೇ ತಡೆಯುಳ್ಳ ತಾಮ್ರದ ಪಟ್ಟಿಯಲ್ಲಿ ಹರಿದರೂ ಅದರ ಎರಡು ತುದಿಗಳ ನಡುವೆ 10 ಮಿಲಿವೋಲ್ಟು ಏಳುತ್ತದೆ. ಮೈಕಿನ ಅರ್ಥ್ ಆ ಪಟ್ಟಿಯ ಮೇಲೆಯೇ ಕುಳಿತಿದ್ದರೆ ಮೈಕಿನ ಮಾತಿಗಿಂತ ಕೆಲವು ಪಟ್ಟು ದೊಡ್ಡದಾದ ಅಪಸ್ವರ ಅದರೊಳಗೆ ಸೇರಿದಂತಾಯಿತು. ಆದ್ದರಿಂದ ಮೈಕಿನ ಅರ್ಥ್, ಧ್ವನಿವರ್ಧಕದ ಅರ್ಥ್, ಸಪ್ಲೈಯ ಅರ್ಥ್ ಇವು ಬೇರೆಬೇರೆ ದಾರಿಯಲ್ಲಿ ಬಂದು ದೊಡ್ಡ ಕಂಡೆನ್ಸರಿನ ಬಳಿ ಒಂದೇ ಬಿಂದುವಿನಲ್ಲಿ ಕೂಡಬೇಕು. ಆಂಪ್ಲಿಫೈಯರು ದೋಣಿಯ ಮೋಟಾರಿನಂತೆ ‘ಪಟಪಟಪಟ’ ಎಂದು ತಾನೇ ಬಡಿದುಕೊಳ್ಳತೊಡಗಿದರೆ, ಅದಕ್ಕೂ ಹೆಚ್ಚಾಗಿ ಇಂಥ ಹಂಚಿಕೊಂಡ ದಾರಿಗಳೇ ಕಾರಣ. ಸಪ್ಲೈಯ ಕಾಲುಗಳ ಹತ್ತಿರವೇ 220 ಅಥವಾ 470 ಮೈಕ್ರೋಫ್ಯಾರಡಿನ ಕಂಡೆನ್ಸರನ್ನಿಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮಂಗಳೂರು ಕಾರವಾರಗಳ ಕಡೆಯವರಿಗೆ ಆ ಸದ್ದನ್ನು ವರ್ಣಿಸಬೇಕಾದ್ದಿಲ್ಲ.

‘ಸುಯ್’ ಎಂಬುದರ ಸಂಗತಿ ಬೇರೆ. ಅದನ್ನು ಪೂರ್ತಿ ಅಳಿಸಲು ಬ್ರಹ್ಮನಿಂದಲೂ ಸಾಧ್ಯವಿಲ್ಲ. ಪ್ರತಿಯೊಂದು ರೆಸಿಸ್ಟರಿನೊಳಗೂ ಇಲೆಕ್ಟ್ರಾನುಗಳು ಬಿಸಿಯಿಂದಾಗಿ ಸದಾ ತುಯ್ದಾಡುತ್ತಿರುತ್ತವೆ. ಆ ತುಯ್ದಾಟವೇ ಸದ್ದಾಗಿ ಕೇಳಿಸುತ್ತದೆ. ಬೆಲ್ ಪ್ರಯೋಗಶಾಲೆಯ ಜಾನ್ಸನ್ ಇದನ್ನು ಅಳೆದು, ನೈಕ್ವಿಸ್ಟ್ ಇದಕ್ಕೆ ಸೂತ್ರ ಕೊಟ್ಟು, ಇಬ್ಬರೂ 1928ರಲ್ಲಿ ಪ್ರಕಟಿಸಿದರು. ಕೋಣೆಯ ಉಷ್ಣತೆಯಲ್ಲಿ 100 ಕಿಲೋ ಓಮಿನ ರೆಸಿಸ್ಟರೊಂದು ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ ಸುಮಾರು 6 ಮೈಕ್ರೋವೋಲ್ಟಿನ ಸದ್ದನ್ನು ಹುಟ್ಟಿಸುತ್ತದೆ. 1 ಕಿಲೋ ಓಮಿನದಾದರೆ ಅದರ ಹತ್ತರಲ್ಲೊಂದು. ಆದುದರಿಂದ ಮೊದಲ ಹಂತದಲ್ಲಿ ದೊಡ್ಡ ರೆಸಿಸ್ಟರುಗಳನ್ನು ಮಾತಿನ ದಾರಿಗೆ ಅಡ್ಡ ಇಡಬಾರದು, ಇಂಗಾಲದವುಗಳ ಬದಲು ಮೆಟಲ್ ಫಿಲ್ಮಿನವನ್ನು ಬಳಸಬೇಕು, ಎನ್‌ಇ 5532ರಂಥ ಮೆಲುಮಾತಿನ ಚಿಪ್ಪನ್ನು ಆರಿಸಬೇಕು. ಆದರೆ ಇವೆಲ್ಲಕ್ಕಿಂತ ಅಗ್ಗದ ಮದ್ದೊಂದಿದೆ: ಮೈಕನ್ನು ಬಾಯಿಯ ಹತ್ತಿರ ತನ್ನಿ. ದೂರವನ್ನು ಅರ್ಧ ಮಾಡಿದರೆ ಮೈಕಿಗೆ ಬೀಳುವ ದನಿ ಸುಮಾರು ಎರಡರಷ್ಟಾಗುತ್ತದೆ. ವಾಲ್ಯೂಮನ್ನು ಅರ್ಧ ಇಳಿಸಬಹುದು. ಅದರೊಡನೆ ಸುಯ್, ಗುಂಯ್ ಎಲ್ಲವೂ ಅರ್ಧಕ್ಕಿಳಿಯುತ್ತವೆ. ಗೌರವಾನ್ವಿತ ಅತಿಥಿಗಳು ಮೈಕಿನಿಂದ ಒಂದು ಮಾರು ಹಿಂದೆ ನಿಂತು ಮಾತನಾಡುವುದನ್ನು ಯಾವ ಚಿಪ್ಪೂ ಸರಿಪಡಿಸಲಾರದು. ಕಾರ್ಯದರ್ಶಿಗಳು ವಿನಯದಿಂದ ಒಂದು ಮಾತು ಹೇಳಲಿ.

‘ಕೀಂ’ ಎಂದು ಚೀರುವುದು ಸರ್ಕ್ಯೂಟಿನ ದೋಷವೇ ಅಲ್ಲ. ಧ್ವನಿವರ್ಧಕದ ಸದ್ದು ಮತ್ತೆ ಮೈಕಿಗೇ ಬಿದ್ದು ಸುತ್ತು ಹೊಡೆಯುವುದರಿಂದ ಆಗುವುದು. ಡೆನ್ಮಾರ್ಕಿನ ಲಾರ್ಸೆನ್ ಎಂಬ ವಿಜ್ಞಾನಿಯ ಹೆಸರಿನಿಂದ ಇದನ್ನು ಕರೆಯುತ್ತಾರೆ. ಧ್ವನಿವರ್ಧಕಗಳನ್ನು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖ ಮಾಡಿ ಇಟ್ಟರೆ ಮುಗಿಯಿತು. ಯಕ್ಷಗಾನದಲ್ಲಿ ಭಾಗವತರ ಮೈಕನ್ನು ತೀರ ಹತ್ತಿರಕ್ಕಿಟ್ಟು ಅದರ ವಾಲ್ಯೂಮನ್ನು ತಗ್ಗಿಸುವುದು ಒಳ್ಳೆಯದು. ಚೆಂಡೆಗಂತೂ ನಮ್ಮ ಸಣ್ಣ ಸಭಾಂಗಣಗಳಲ್ಲಿ ಮೈಕು ಬೇಕೇಬೇಕೆ ಎಂಬುದೇ ನಮ್ಮ ಸಂದೇಹ.

‘ಚಟಪಟ’ ಮಳೆಗಾಲದ ಬೆಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಥಾಣೆಯ ಖಾಡಿಯ ಗಾಳಿ ಮನೆಯ ಹಪ್ಪಳವನ್ನೇ ಬಿಡದಿರುವಾಗ ಆಂಪ್ಲಿಫೈಯರನ್ನು ಬಿಟ್ಟೀತೆ? ಪ್ಲಗ್ಗು ಜಾಕುಗಳ ಮೇಲೆ, ಹಿತ್ತಾಳೆಯ ಪಾತ್ರೆಯ ಮೇಲೇಳುವಂತೆಯೇ, ಕಿಲುಬು ಏಳುತ್ತದೆ. ಬೆಸುಗೆ ಹಾಕಿದ ಮೇಲೆ ಬೋರ್ಡಿನ ಮೇಲೆ ಉಳಿದ ರಾಳ ತೇವವನ್ನು ಹೀರಿ, ಹರಿಯಬಾರದ ಕಡೆ ವಿದ್ಯುತ್ತನ್ನು ಹರಿಸುತ್ತದೆ. ಕಾಂಟ್ಯಾಕ್ಟ್ ಕ್ಲೀನರಿನಿಂದ ಜಾಕನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬೋರ್ಡನ್ನೂ ಒರೆಸಬೇಕು. ಹುಣಿಸೆಹಣ್ಣು ಇಲ್ಲಿ ಕೂಡದು. ಕರೆಂಟಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತ ನಂತರವೇ ಇದೆಲ್ಲ ಎಂಬುದನ್ನು ಹೇಳಬೇಕಾಗಿಲ್ಲವಷ್ಟೆ. ಬ್ಯಾಟರಿಯಿಂದ ನಡೆಯುವ ಸಣ್ಣ ಪೆಟ್ಟಿಗೆಯಾದರೆ, ಒಣ ಮರದ ಪೆನ್ಸಿಲಿನ ಹಿಂಬದಿಯಿಂದ ಬೆಸುಗೆಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಹೋಗಿ. ಎಲ್ಲಿ ತಟ್ಟಿದಾಗ ಕರಕರ ಎನ್ನುತ್ತದೋ ಅಲ್ಲಿ ಬೆಸುಗೆ ಕೂಡಿಲ್ಲ, ಮತ್ತೆ ಬಿಸಿಮಾಡಿ ಹೊಸ ಸೀಸ ಕೊಡಿ. ವಾಲ್ಯೂಮನ್ನು ತಿರುಗಿಸುವಾಗ ಮಾತ್ರ ಕರಕರ ಎಂದು, ತೊಳೆದರೂ ಒಂದು ವಾರದಲ್ಲಿ ಮರುಕಳಿಸಿದರೆ, ಅದರ ಹಿಂದಿನ ಕಂಡೆನ್ಸರು ಸೋರಿ ನೇರ ವಿದ್ಯುತ್ತು ತಿರುಗಣಿಯೊಳಗೆ ಹರಿಯುತ್ತಿದೆ. ಬದಲಿಸತಕ್ಕದ್ದು ಕಂಡೆನ್ಸರನ್ನು, ತಿರುಗಣಿಯನ್ನಲ್ಲ.

ಭಾಷಣದ ನಡುವೆ ‘ಟರ್ ಟರ್ ಟರ್’ ಎಂದರೆ ವೇದಿಕೆಯ ಮೇಲಿನ ಯಾರದೋ ಕಿಸೆಯಲ್ಲಿ ಮೊಬೈಲಿದೆ. 2ಜಿ ಫೋನು ಸೆಕೆಂಡಿಗೆ ಸುಮಾರು 217 ಸಲ ರೇಡಿಯೋ ಅಲೆಗಳನ್ನು ಉಗುಳುತ್ತದೆ. ಮೊದಲ ಟ್ರಾನ್ಸಿಸ್ಟರು ಅದನ್ನು ಹಿಡಿದು ಸದ್ದಾಗಿ ಮಾಡುತ್ತದೆ. ಮೈಕಿನ ಬಾಗಿಲಲ್ಲೇ ಅರ್ಥಿಗೆ 100ರಿಂದ 470 ಪಿಕೋಫ್ಯಾರಡಿನ ಸಣ್ಣ ಕಂಡೆನ್ಸರನ್ನಿಟ್ಟರೆ ಬಹುಮಟ್ಟಿಗೆ ತಗ್ಗುತ್ತದೆ. ಫೋನನ್ನು ದೂರವಿಡುವುದು ಇನ್ನೂ ಸುಲಭ.

ಇನ್ನು ಆರಂಭದಲ್ಲಿ ಸೂಚಿಸಿದ ಅಪಾಯಕ್ಕೆ ಬರೋಣ. ಈಚೆಗೆ ಮಕ್ಕಳ ನೃತ್ಯಕ್ಕೆ ಹಾಡನ್ನು ಲ್ಯಾಪ್‌ಟಾಪಿನಿಂದ ನುಡಿಸುವುದು ರೂಢಿ. ಆಂಪ್ಲಿಫೈಯರಿನ ಪ್ಲಗ್ಗು ವೇದಿಕೆಯ ಎಡಗಡೆಯ ಗೋಡೆಯಲ್ಲಿ, ಲ್ಯಾಪ್‌ಟಾಪಿನದು ಬಲಗಡೆಯಲ್ಲಿ. ಎರಡಕ್ಕೂ ಬೇರೆಬೇರೆ ಅರ್ಥಿಂಗು. ಅವುಗಳ ನಡುವೆ ಹಾಡಿನ ತಂತಿಯನ್ನು ಸೇರಿಸಿದೊಡನೆ ಅರ್ಥಿನ ತಂತಿಗಳು ಸೇರಿ ಒಂದು ದೊಡ್ಡ ಬಳೆಯಾಗುತ್ತದೆ, ಆ ಬಳೆಯಲ್ಲಿ 50 ಆವರ್ತದ ಪ್ರವಾಹ ಸುತ್ತುತ್ತದೆ, ಧ್ವನಿವರ್ಧಕ ಗುಂಯ್‌ಗುಟ್ಟುತ್ತದೆ. ಆಗ ಯಾರೋ ‘ಅನುಭವಸ್ಥರು’ ಬಂದು ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಮೇಲಿನ ದಪ್ಪ ಪಿನ್ನನ್ನು ತೆಗೆದುಬಿಡುತ್ತಾರೆ. ಬಳೆ ಮುರಿಯುತ್ತದೆ, ಗುಂಯ್‌ಕಾರ ನಿಲ್ಲುತ್ತದೆ, ಎಲ್ಲರೂ ಅವರ ಬೆನ್ನು ತಟ್ಟುತ್ತಾರೆ.

ಆ ದಪ್ಪ ಪಿನ್ನು ಅಲಂಕಾರಕ್ಕಿಟ್ಟದ್ದಲ್ಲ. ಮೈಕಿನ ಲೋಹದ ಮೈ, ತಂತಿಯ ಹೊದಿಕೆ, ಆಂಪ್ಲಿಫೈಯರಿನ ಪೆಟ್ಟಿಗೆ ಇವೆಲ್ಲ ಒಂದಕ್ಕೊಂದು ಕೂಡಿರುತ್ತವೆ. ಹಳೆಯ ಟ್ರಾನ್ಸ್‌ಫಾರ್ಮರಿನ ಒಳಹೊದಿಕೆ ಸುಟ್ಟು 230 ವೋಲ್ಟು ಪೆಟ್ಟಿಗೆಗೆ ತಾಗಿದರೆ, ಅರ್ಥ್ ಇದ್ದಾಗ ಪ್ರವಾಹ ಆ ಪಿನ್ನಿನ ಮೂಲಕ ನೆಲಕ್ಕಿಳಿದು ಫ್ಯೂಸು ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಮೈಕು ಹಿಡಿದವರ ಮೂಲಕವೇ ಇಳಿಯುತ್ತದೆ. ಮಳೆಗಾಲದ ಗಣೇಶೋತ್ಸವ, ಒದ್ದೆಯಾದ ಮಂಟಪ, ಬರಿಗಾಲಿನಲ್ಲಿ ಗೆಜ್ಜೆ ಕಟ್ಟಿ ನಿಂತ ಮಕ್ಕಳು: ವಾಚಕರು ಮಿಕ್ಕದ್ದನ್ನು ಊಹಿಸಿಕೊಳ್ಳಲಿ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ಪಟ್ಟಣದಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಸರಿಯಾಗಿ ಅರ್ಥ್ ಆಗದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು. ಊರೂರು ತಿರುಗಿ ಹಾಡುತ್ತಿದ್ದ ವೃತ್ತಿಪರರ ತಂಡವದು. ಅವರಿಗೇ ಹಾಗಾದ ಮೇಲೆ ನಮ್ಮ ಬಾಡಿಗೆಯ ಪೆಟ್ಟಿಗೆಗಳ ಗತಿಯೇನು?

ಅರ್ಥ್ ಪಿನ್ನನ್ನು ಮುಟ್ಟದೆಯೇ ಬಳೆಯನ್ನು ಮುರಿಯುವ ದಾರಿಗಳಿವೆ. ಮೊದಲನೆಯದು, ಲ್ಯಾಪ್‌ಟಾಪು, ಮಿಕ್ಸರು, ಆಂಪ್ಲಿಫೈಯರು ಎಲ್ಲವನ್ನೂ ಒಂದೇ ಗೋಡೆಯ ಒಂದೇ ಬೋರ್ಡಿನಿಂದ ನಡೆಸುವುದು. ಎಷ್ಟೋ ಸಲ ಇಷ್ಟಕ್ಕೇ ಗುಂಯ್‌ಕಾರ ಅಡಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ಬಿಟ್ಟರೂ ಆದೀತು. ಮೂರು ನಿಮಿಷದ ಹಾಡಿಗೆ ಬ್ಯಾಟರಿ ಸಾಲದೆ? ಅದೂ ಆಗದಿದ್ದರೆ ಹಾಡಿನ ತಂತಿಯ ನಡುವೆ ಒಂದಕ್ಕೊಂದರ ಸಮಪ್ರಮಾಣದ, 600 ಓಮಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಹಾಕಬೇಕು. ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಅರ್ಥಿನ ಪ್ರವಾಹ ದಾಟಲಾರದು. ಮೈಕಿನ ತಂತಿ ಉದ್ದವಾಗಿದ್ದರೆ ಎರಡು ಎಳೆ, ಮೇಲೊಂದು ಹೊದಿಕೆಯುಳ್ಳ ಬ್ಯಾಲೆನ್ಸ್ಡ್ ತಂತಿಯನ್ನೂ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್ಗನ್ನೂ ಬಳಸಬೇಕು. ಸೋಂಕು ಎರಡೂ ಎಳೆಗಳಿಗೆ ಸಮನಾಗಿ ತಗಲುತ್ತದೆ. ಮಾತು ಮಾತ್ರ ಒಂದರಲ್ಲಿ ಮೇಲೇರುವಾಗ ಇನ್ನೊಂದರಲ್ಲಿ ಕೆಳಗಿಳಿಯುತ್ತದೆ. ಆಂಪ್ಲಿಫೈಯರು ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಸೋಂಕು ತಾನಾಗಿ ಕಳೆದುಹೋಗುತ್ತದೆ. ಕರೆಂಟಿನ ತಂತಿಯೊಡನೆ ಮೈಕಿನ ತಂತಿಯನ್ನು ಹೆಣೆದು ಕಟ್ಟುವ ಅಚ್ಚುಕಟ್ಟುತನವನ್ನು ಬಿಡಬೇಕು. ಅವು ದೂರದೂರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಲಿ.

ಬಾಡಿಗೆಗೆ ಪೆಟ್ಟಿಗೆ ತರುವವರು ಮೊದಲು ಪ್ಲಗ್ಗನ್ನು ನೋಡಲಿ. ಮೂರು ಪಿನ್ನುಗಳೂ ಇಲ್ಲದಿದ್ದರೆ ಅಲ್ಲಿಯೇ ಹಿಂದಿರುಗಿಸಲಿ. ಹೊರಾಂಗಣದ ಮಂಟಪವಾದರೆ 30 ಮಿಲಿಆಂಪಿಯರಿಗೆ ಕಡಿಯುವ ಆರ್‌ಸಿಸಿಬಿ ಸ್ವಿಚ್ಚಿನ ಮೂಲಕವೇ ಕರೆಂಟು ಕೊಡುವಂತೆ ಎಲೆಕ್ಟ್ರಿಷಿಯನ್ನರಿಗೆ ಹೇಳಬೇಕು. ಪರೀಕ್ಷೆಯನ್ನು ಹಿಂದಿನ ದಿನ, ಎಲ್ಲ ಫ್ಯಾನು ದೀಪಗಳನ್ನೂ ಹಾಕಿಯೇ ಮಾಡತಕ್ಕದ್ದು. ಕತ್ತಲಲ್ಲಿ ಮೌನವಾಗಿದ್ದ ಪೆಟ್ಟಿಗೆ ದೀಪ ಹತ್ತಿದೊಡನೆ ಮಾತಿಗಾರಂಭಿಸುವುದುಂಟು. ಇಂಥ ದಿನಗಳಲ್ಲಿ ನಾವು ಒಯ್ಯುವ ಬಟ್ಟೆಯ ಚೀಲದಲ್ಲಿ ಇರುವುದಿಷ್ಟೆ: ಮೂಕ ಪ್ಲಗ್ಗೊಂದು, ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರು, ಹೆಚ್ಚಿನದೊಂದು ಮೈಕಿನ ತಂತಿ, ಮಲ್ಟಿಮೀಟರು, ಕಾಂಟ್ಯಾಕ್ಟ್ ಕ್ಲೀನರು, ಮರದ ಪೆನ್ಸಿಲು. ಇವುಗಳನ್ನು ಬಳಸುವುದು ಹೇಗೆಂದು ಕೈಯಾರೆ ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಮುಂದಿನ ಕಾರ್ಯಕ್ರಮದ ಹಿಂದಿನ ಸಂಜೆ ಸಭಾಂಗಣಕ್ಕೆ ಬರಲಿ. ಚಹಾದ ವ್ಯವಸ್ಥೆ ಇರುತ್ತದೆ.